ದಶಮಾಂಶದಕ್ಕನ ಊಟದ ಮೇಜು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಊಟದ ಮೇಜಿನ ಮೇಲೆ ಅತ್ತೆ ಕತ್ತರಿಸಿ ಹರಡಿದ ಅಂಗಿಯ ತುಂಡುಗಳಿವೆ: ತೋಳು, ಕಾಲರು, ಬೆನ್ನು. ಸೊಸೆ ಅವನ್ನು ಒಂದೊಂದಾಗಿ ಎತ್ತಿ, ಇದ್ದ ಕ್ರಮದಲ್ಲೇ ದೊಡ್ಡ ತಟ್ಟೆಯೊಂದರಲ್ಲಿ ಪೇರಿಸಿ, ಖಾಲಿಯಾದ ಜಾಗದಲ್ಲಿ ಲ್ಯಾಪ್‌ಟಾಪ್ ತೆರೆಯುತ್ತಾರೆ. ಕೆಲಸ ಮುಗಿದ ಮೇಲೆ ಎಲ್ಲವೂ ಮೊದಲಿನಂತೆಯೇ ಮೇಜಿಗೆ ಮರಳಬೇಕು. ಎಡತೋಳು ಬಲಕ್ಕೆ ಹೋಯಿತೋ, ಮನೆಯಲ್ಲಿ ದೊಡ್ಡ ರಾದ್ಧಾಂತ.

ಕಚೇರಿಯಲ್ಲಿ ಇವರಿಗೆ ‘ದಶಮಾಂಶದಕ್ಕ’ ಎಂದೇ ಹೆಸರು. ಆಸ್ಪತ್ರೆಯ ಯಂತ್ರಗಳನ್ನು ತಯಾರಿಸುವ ಸಂಸ್ಥೆಯಲ್ಲಿ ಕೆಲಸ. ಯಂತ್ರದೊಳಗಿನ ಹತ್ತಾರು ಪ್ರೋಗ್ರಾಮುಗಳು ಒಂದೇ ಪ್ರೊಸೆಸರನ್ನು ಸರದಿಯ ಮೇಲೆ ಬಳಸುತ್ತವೆ. ದಶಮಾಂಶದ ಲೆಕ್ಕಕ್ಕೆಂದು ಅದರಲ್ಲಿ ರಿಜಿಸ್ಟರ್ ಎಂಬ ಕೆಲವೇ ಗೂಡುಗಳಿವೆ. ಒಂದು ಪ್ರೋಗ್ರಾಮಿನ ಸರದಿ ಮುಗಿದಾಗ ಅದರ ಅಂಕಿಗಳನ್ನು ಗೂಡಿನಿಂದ ಎತ್ತಿಟ್ಟು, ಅದು ಮರಳಿದಾಗ ಚಾಚೂ ತಪ್ಪದೆ ಜೋಡಿಸಿಕೊಡಬೇಕು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಲ್ಲಿ ಈ ಎತ್ತಿಡುವ ಕೋಡನ್ನು ನೋಡಿಕೊಳ್ಳುವವರು ಇವರೊಬ್ಬರೇ.

“ಮನೇಲಿ ಅತ್ತೆ ಬಟ್ಟೆ ಎತ್ತಿಡ್ತೀನಿ, ಅಲ್ಲಿ ಅಂಕಿ ಎತ್ತಿಡ್ತೀನಿ. ಸರಿಯಾಗಿ ಮಾಡಿದ್ರೆ ಯಾರಿಗೂ ಗೊತ್ತೇ ಆಗಲ್ಲ. ತಪ್ಪಿದ್ರೆ ಮಾತ್ರ ಹೆಸರು ಬರುತ್ತೆ,” ಎಂದು ನಗುತ್ತಾರೆ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಗೂಡುಗಳನ್ನು ಕಾಯುವ ಕರ್ನಲ್ ಕೂಡ, ಅಲ್ಲಿರುವುದನ್ನು ಎತ್ತಿಡದೆ, ತನ್ನ ಲೆಕ್ಕಕ್ಕೆ ಅವನ್ನು ಮುಟ್ಟುವಂತಿಲ್ಲ. ಮನೆಯೊಡತಿಯೇ ಆದರೂ ಹರಡಿಟ್ಟ ಬಟ್ಟೆಯ ಮೇಲೆ ಕಾಫಿ ಲೋಟ ಇಡಬಾರದು, ಅಷ್ಟೆ.

ಕಳೆದ ತಿಂಗಳು ಸಂಸ್ಥೆಯ ಹೊಸ ಪಂಪು ಆಸ್ಪತ್ರೆಗಳಿಗೆ ಹೊರಡಲು ಸಿದ್ಧವಾಗಿತ್ತು. ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧ ಬಿಡುವ ಯಂತ್ರವದು. ಒಮ್ಮೆ ಮಾತ್ರ, ಪರೀಕ್ಷಕರೊಬ್ಬರು ಅದನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವಾಗ, ಪರದೆಯ ಮೇಲಿನ ಔಷಧದ ಪ್ರಮಾಣ ಯದ್ವಾತದ್ವಾ ಏರಿತ್ತು. ಮತ್ತೆ ಎಷ್ಟು ನೋಡಿದರೂ ತಪ್ಪು ಮರುಕಳಿಸಲಿಲ್ಲ. ವೈರು ಸಡಿಲವಾಗಿರಬೇಕು ಎಂದು ಎಲ್ಲರೂ ಕೈ ತೊಳೆದುಕೊಂಡರು. ಇವರಿಗೆ ಮಾತ್ರ ಸಮಾಧಾನವಿಲ್ಲ. ರವಾನೆಗೆ ಒಂದು ದಿನ ಮುಂಚೆ ಪಂಪನ್ನು ಮನೆಗೇ ಹೊತ್ತು ತಂದರು.

ಮನೆಯ ಊಟದ ಕೋಣೆಯಲ್ಲಿರುವುದು ಒಂದೇ ಪ್ಲಗ್ ಪಾಯಿಂಟು. ಮರುದಿನ ಮುಂಜಾನೆ ಅತ್ತೆ ಇಸ್ತ್ರಿ ಪೆಟ್ಟಿಗೆ ಹಿಡಿದು ಬಂದವರೇ ಪಂಪಿನ ಪ್ಲಗ್ಗನ್ನು ಕಿತ್ತುಬಿಟ್ಟರು.

“ಕೀಳ್ದೆ ಏನು ಮಾಡ್ಲಿ? ಕಾಲರು ತಾನಾಗೇ ಮಡಚಿಕೊಳ್ಳುತ್ತಾ?” ಎಂದು ಅತ್ತೆ ಈಗಲೂ ಜಬರದಸ್ತಾಗಿಯೇ ಕೇಳುತ್ತಾರೆ.

ಸೊಸೆ ರೇಗಲು ಬಾಯಿ ತೆರೆದವರು ಹಾಗೇ ನಿಂತರು. ಒಳಗಿನ ಬ್ಯಾಟರಿಯ ಮೇಲೆ ಓಡತೊಡಗಿದ ಪಂಪಿನ ಪರದೆಯಲ್ಲಿ ಔಷಧದ ಪ್ರಮಾಣ ಒಮ್ಮೆಲೇ ಎಂಬತ್ತೊಂದಕ್ಕೆ ಹಾರಿ ಮರಳಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾರಿದಾಗ ಎಂಬತ್ತು. ಪರದೆಯ ಮೂಲೆಯಲ್ಲಿ ನೋಡಿದರೆ, ಬ್ಯಾಟರಿ ಉಳಿದಿದ್ದದ್ದೂ ಶೇಕಡಾ ಎಂಬತ್ತು. ಕರೆಂಟು ತಪ್ಪಿದಾಗ ಮಾತ್ರ ಎಚ್ಚರಗೊಳ್ಳುವ ಬ್ಯಾಟರಿಯ ಕೋಡು, ಕರ್ನಲ್‌ನೊಳಗೇ ಕೂತು ದಶಮಾಂಶದಲ್ಲಿ ಲೆಕ್ಕ ಹಾಕುತ್ತಿತ್ತು. ಗೂಡಿನಲ್ಲಿದ್ದ ಔಷಧದ ಅಂಕಿಯನ್ನು ಎತ್ತಿಡದೆಯೇ ತನ್ನದನ್ನು ಅಲ್ಲಿ ಬಿಟ್ಟುಹೋಗುತ್ತಿತ್ತು. ಕಚೇರಿಯಲ್ಲಿ ಪರೀಕ್ಷೆಯ ವೇಳೆ ಪಂಪಿನ ಪ್ಲಗ್ಗನ್ನು ಯಾರೂ ಕೀಳುವುದಿಲ್ಲ; ಅಂದು ಕೋಣೆ ಬದಲಿಸುವಾಗ ಕಿತ್ತಿದ್ದೊಂದೇ ಸಲ. ಆಸ್ಪತ್ರೆಯಲ್ಲಿ ರೋಗಿಯನ್ನು ವಾರ್ಡಿನಿಂದ ವಾರ್ಡಿಗೆ ತಳ್ಳಿಕೊಂಡು ಹೋಗುವಾಗಲೆಲ್ಲ ಕೀಳುತ್ತಾರೆ.

“ಮೇಲಿನವರಿಗೆ ಫೋನ್ ಮಾಡಿ, ಲಾರಿ ಹೊರಡಿಸಬೇಡಿ ಸಾರ್ ಅಂದೆ. ಕಾರಣ ಕೇಳಿದ್ರು. ಅತ್ತೆ ಇಸ್ತ್ರಿ ಮಾಡ್ತಿದ್ರು ಅಂತ ಶುರು ಮಾಡಿದೆ. ಪಾಪ, ಕೊನೇವರೆಗೂ ಕೇಳಿಸಿಕೊಂಡ್ರು.”

ಲಾರಿ ನಿಂತಿತು. ಬ್ಯಾಟರಿಯ ಕೋಡು ಬರೆದ ಸಹೋದ್ಯೋಗಿ ಮತ್ತು ಇವರು ಕೂತು ಎರಡು ಸಾಲು ಸೇರಿಸಿದರು: ಮುಟ್ಟುವ ಮುಂಚೆ ಎತ್ತಿಡು, ಮುಗಿದ ಮೇಲೆ ಮರಳಿಸು. ಪಂಪು ವಾರ ತಡವಾಗಿ ಹೊರಟಿತು. ಜೊತೆಗಿದ್ದ ಸೂಚನೆಯಲ್ಲಿ ‘ಸಣ್ಣಪುಟ್ಟ ಸುಧಾರಣೆ’ ಎಂದಷ್ಟೇ ಇತ್ತು. ಅದರ ಬಗ್ಗೆ ಇವರಿಗೆ ದೂರೇನೂ ಇಲ್ಲ.

ಈಗ ಗಂಟೆ ಏಳು. ಲ್ಯಾಪ್‌ಟಾಪ್ ಮುಚ್ಚಿ, ತೋಳು, ಕಾಲರು, ಬೆನ್ನನ್ನು ಇದ್ದಲ್ಲೇ ಹರಡುತ್ತಾರೆ. ಅತ್ತೆ ಬಂದು ಮೇಜಿನ ಮೇಲೆ ಕಣ್ಣಾಡಿಸಿ, ಒಂದು ತುಂಡನ್ನೂ ಸರಿಸದೆ ಕತ್ತರಿ ಎತ್ತಿಕೊಳ್ಳುತ್ತಾರೆ. ಇಲ್ಲಿ ಅದೇ ಶಹಬ್ಬಾಸ್‌ಗಿರಿ.

“ನಾಳೆ ಎಲೆಕ್ಟ್ರಿಷಿಯನ್ ಕರೆಸೇ. ಇನ್ನೊಂದು ಪ್ಲಗ್ ಪಾಯಿಂಟ್ ಹಾಕಿಸಿಬಿಡೋಣ, ನಿನಗೂ ಅನುಕೂಲ,” ಎನ್ನುತ್ತಾರೆ ಅತ್ತೆ.

ಸೊಸೆ ಚಾರ್ಜರಿನ ವೈರು ಸುತ್ತುತ್ತಾ ತಲೆಯಾಡಿಸುತ್ತಾರೆ.

“ಬೇಡ ಅತ್ತೆ, ಒಂದೇ ಇರ್ಲಿ. ನೀವು ಆಗಾಗ ಕೀಳ್ತಾ ಇರಿ.”