ಎಡಗೈ ಹಾಕಿದ ಗಂಟು

ಬೆಳಗಿನ ಆರಕ್ಕೆ ಶಟರ್ ಅರ್ಧ ಎತ್ತಿ, ತಲೆ ಬಗ್ಗಿಸಿ ಒಳಗೆ ನುಗ್ಗುವ ಮೋಟಾರಣ್ಣನಿಗೆ ದಿನದ ಮೊದಲ ಜಗಳ ಒಂದು ಗಂಟಿನ ಜೊತೆ. ಮೋಟಾರಿನೊಳಗಿನ ತಂತಿ ಸುರುಳಿಯ ಕೆಳಗೆ ಹಾಸುವ ಕಾಗದದ ಪಟ್ಟಿಗಳನ್ನು ತಾಯಿ ಕತ್ತರಿಸಿ, ದಾರದಿಂದ ಕಟ್ಟಿ ಇಟ್ಟಿರುತ್ತಾರೆ. ಅವರದು ಎಡಗೈ. ಅವರ ಗಂಟು ಎಲ್ಲರ ಗಂಟಿನಂತಲ್ಲ, ಉಲ್ಟಾ ತಿರುಗಿರುತ್ತದೆ.

"ಅಮ್ಮಾ, ಇದನ್ನ ಬಿಚ್ಚೋಕೂ ನಿನ್ನನ್ನೇ ಕರೀಬೇಕಲ್ಲ!" ಎಂದು ಮೋಟಾರಣ್ಣ ಗೊಣಗುತ್ತಾರೆ.

"ಬಿಚ್ಚಿಹೋಗೋ ಗಂಟು ಕಟ್ಟೋದ್ಯಾಕೆ?" ಹಿಂದಿನ ಕೋಣೆಯಿಂದ ಉತ್ತರ ಬರುತ್ತದೆ.

ಸುಟ್ಟ ಮೋಟಾರುಗಳ ತಂತಿ ಕಿತ್ತು ಹೊಸದು ಸುತ್ತುವುದು ಐವತ್ತೊಂದರ ಮೋಟಾರಣ್ಣನ ಕಸುಬು. ದಿನಕ್ಕೆ ಎರಡು ಪಂಪು, ನಾಲ್ಕೈದು ಫ್ಯಾನು. ತೋರುಬೆರಳಿನ ಗೆರೆಗಳನ್ನು ತಾಮ್ರ ಎಂದೋ ತಿಂದುಹಾಕಿದೆ. ಅವರ ಹತ್ತನೇ ವಯಸ್ಸಿಗೆ ಇದೇ ಕಸುಬಿನ ತಂದೆ ತೀರಿಕೊಂಡರು, ಅಂಗಡಿಗೆ ಬೀಗ ಬಿತ್ತು. ತಾಯಿ ಊರವರ ಬಟ್ಟೆ ಇಸ್ತ್ರಿ ಮಾಡಿ ಸಾಕಿದರು. ಮಗ ಬೇರೆಯವರ ಅಂಗಡಿಯಲ್ಲಿ ಹನ್ನೆರಡು ವರ್ಷ ಬೈಗುಳ ತಿಂದು ಕೆಲಸ ಕಲಿತು, ಇದೇ ಬಾಗಿಲನ್ನು ಮತ್ತೆ ತೆರೆದರು. ಬೋರ್ಡಿನಲ್ಲಿ ಈಗಲೂ ತಂದೆಯ ಹೆಸರೇ.

"ನಮ್ಮಪ್ಪ ಸುತ್ತಿದ ಮೋಟಾರುಗಳು ಇವತ್ತಿಗೂ ಓಡ್ತಾ ಇವೆ. ಆ ಕೈ ನಂಗೆ ಬರ್ಲಿಲ್ಲ ಬಿಡಿ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ತಾಯಿ ತಂತಿ ಮುಟ್ಟಲು ಬಂದರೆ, "ಅದು ನಿನ್ನ ಕೆಲಸ ಅಲ್ಲಮ್ಮ, ಕಾಗದ ಕತ್ತರಿಸು ಸಾಕು" ಎಂದು ಗದರಿದ್ದೂ ಉಂಟು.

ಹೋದ ವಾರ ದೋಣಿಯವರೊಬ್ಬರು ಗೋಣಿಚೀಲದಲ್ಲಿ ಒಂದು ಮುದಿ ಮೋಟಾರು ತಂದರು. ದೋಣಿಯ ಹಿಂಬದಿಗೆ ಸಿಕ್ಕಿಸುವ, ಬ್ಯಾಟರಿಯಿಂದ ಓಡುವ ಮೋಟಾರು. "ನಿಮ್ಮಪ್ಪನೇ ಐವತ್ತು ವರ್ಷದ ಹಿಂದೆ ಸುತ್ತಿಕೊಟ್ಟಿದ್ರಂತೆ. ಎಲ್ಲ ಕಿತ್ತು ಹೊಸದು ಸುತ್ತಿಬಿಡಿ" ಎಂದರು. ಅಪ್ಪನ ಕೈಕೆಲಸ! ಮೋಟಾರಣ್ಣನಿಗೆ ಉಳಿದ ಕೆಲಸವೆಲ್ಲ ಬೇಡವಾಯಿತು.

ನೀರು ತಳ್ಳುವ ರೆಕ್ಕೆ ಮುರಿದಿತ್ತು. ಬೇರಿಂಗ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಇವತ್ತು ತಿರುಗುವ ಭಾಗವನ್ನು ಹೊರಗೆಳೆಯುತ್ತಾರೆ. ಮೀಟರ್ ಹಚ್ಚಿದರೆ ಒಂದು ಸುತ್ತೂ ಸತ್ತಿಲ್ಲ! ಸೀಟಿ ಹೊಡೆಯುತ್ತ ಮಸಿ ಒರೆಸುತ್ತಿದ್ದವರ ಕೈ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ತಂತಿಗಳನ್ನು ಬಿಗಿದ ದಾರದ ಗಂಟುಗಳು ಅಷ್ಟೂ ಉಲ್ಟಾ.

ಅಪ್ಪ ಬಲಗೈಯವರು. ಇನ್ನೂ ಬಿಚ್ಚದ ಕಾಗದದ ಕಟ್ಟೊಂದನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತಾರೆ. ಅದೇ ಗಂಟು.

"ಅಮ್ಮಾ... ಇದನ್ನ ಸುತ್ತಿದ್ದು ಯಾರು?"

ಎಪ್ಪತ್ತೆಂಟರ ತಾಯಿಯ ಕಣ್ಣಿಗೆ ಪೊರೆ ಬಂದಿದೆ. ಬೆರಳಾಡಿಸಿ ನೋಡುತ್ತಾರೆ. "ದೋಣೀದಲ್ವಾ? ನಾನೇ, ಮತ್ಯಾರು? ಎಲ್ಲಾನೂ ನಾನೇ ಸುತ್ತುತಿದ್ದೆ ಕಣೋ. ಸಣ್ಣ ತಂತಿ ಹಿಡಿದ್ರೆ ನಿಮ್ಮಪ್ಪಂಗೆ ಕೈ ನಡುಗೋದು. ಅವ್ರು ಮುಂದೆ ಕೂತು ಗಿರಾಕಿ ಹತ್ರ ಮಾತಾಡೋರು, ನಾನು ಒಳಗೆ ಬಾಗಿಲು ಹಾಕ್ಕೊಂಡು ಸುತ್ತೋಳು. ಹೆಂಗಸು ಸುತ್ತಿದ್ದು ಅಂದ್ರೆ ಯಾರು ತರ್ತಿದ್ರು? ಅವ್ರು ಹೋದ್ಮೇಲೆ ನೋಡಿದ್ಯಲ್ಲ, ಒಬ್ರೂ ಬರ್ಲಿಲ್ಲ."

ಮೋಟಾರಣ್ಣ ಸ್ಟೂಲು ಎಳೆದು ತಾಯಿಯ ಮುಂದೆ ಕೂರುತ್ತಾರೆ. ಅಯ್ಯೋ, ಮೂವತ್ತು ವರ್ಷ ಯಾರಿಗೆ ಕಾಗದ ಕತ್ತರಿಸು ಎಂದು ಗದರಿದೆ! "ನಂಗ್ಯಾಕೆ ಹೇಳ್ಲಿಲ್ಲ?"

"ಅಪ್ಪ ಅಪ್ಪ ಅಂದ್ಕೊಂಡೇ ಕೆಲಸ ಕಲಿತೆ ನೀನು. ಅದನ್ಯಾಕೆ ಕೆಡಿಸ್ಲಿ?"

ಪತ್ರಿಕೆಗಾಗಿ ಬರೆಯುತ್ತಿರುವ ಈ ಲೇಖನ ಮೋಟಾರಣ್ಣನ ಬಗ್ಗೆ ಎಂದೇ ಶುರುವಾಗಿತ್ತು. ಫೋಟೊಕ್ಕೆ ನಿಲ್ಲಿ ಎಂದರೆ ಅವರು ಈಗ ಒಪ್ಪುವುದಿಲ್ಲ. "ಅಮ್ಮಂದು ತೆಗೀರಿ. ಬೋರ್ಡು ನಾಳೇನೇ ಬದಲಾಯಿಸ್ತೀನಿ" ಎಂದು ಕಣ್ಣೊರೆಸಿಕೊಳ್ಳುತ್ತಾರೆ.

ತಾಯಿಗೆ ಫೋಟೊವೂ ಬೇಡ, ಬೋರ್ಡೂ ಬೇಡ. ಅವರ ಬೆರಳು ಮೋಟಾರಿನ ಒಂದು ಕಡೆ ತಡೆದು ನಿಂತಿದೆ.

"ಇಲ್ಲೊಂದು ಗಂಟು ಸಡಿಲ ಉಳ್ಕೊಂಡಿದೆ ನೋಡು. ಆವತ್ತು ತೊಟ್ಟಿಲಲ್ಲಿ ನೀನು ಚೀರ್ಕೊಂಡೆ, ನಾನು ಎದ್ದು ಬಂದ್ಬಿಟ್ಟೆ. ಅಷ್ಟ್ರಲ್ಲಿ ನಿಮ್ಮಪ್ಪ ವಾರ್ನಿಶ್ ಹಚ್ಚಿ ಕೊಟ್ಟೇಬಿಟ್ರು. ಅದೊಂದು ಮನಸ್ಸಲ್ಲಿ ಚುಚ್ತಾನೇ ಇತ್ತು. ಅದರ ಮೇಲೆ ಇನ್ನೊಂದು ಗಂಟು ಹಾಕ್ಲೇನೋ?"

ಮೋಟಾರಣ್ಣ ದಾರದ ಉಂಡೆಯನ್ನು ತಾಯಿಯ ಎಡಗೈಗೆ ಕೊಡುತ್ತಾರೆ.