ಹೂ ಕೊಡದೆ ಸತಾಯಿಸಿದ ತಾಯಿ

ನಾನು ಓದು ನಿಲ್ಲಿಸಿದ್ದು ೧೯೨೬ರಲ್ಲಿ. ನಾಲ್ಕನೇ ಕ್ಲಾಸಿನ ಪುಸ್ತಕ ಇನ್ನೂ ಅರ್ಧ ಉಳಿದಿತ್ತು. ಅಪ್ಪ ತೀರಿಕೊಂಡರು, ಮೇಷ್ಟ್ರಿಗೆ ಕೈಮುಗಿದು ಬಂದು ನೇಗಿಲು ಹಿಡಿದೆ. ಅಲ್ಲಿಂದ ಇಲ್ಲಿಯವರೆಗೆ ಒಬ್ಬರ ಜಗಲಿಯಲ್ಲಿ ಕೈಚಾಚಿ ನಿಂತವನಲ್ಲ. ಇದನ್ನು ಮೊದಲೇ ಏಕೆ ಹೇಳುತ್ತೇನೆಂದರೆ, ಮುಂದಿನದನ್ನು ಓದಿದ ಮಾರಮ್ಮನ ಭಕ್ತಾದಿಗಳು ನನ್ನನ್ನು ಮೈಗಳ್ಳ ಎಂದುಕೊಳ್ಳಬಾರದು.

ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ. ನಾಲೆ ನೀರು ಬಂದ ಮೇಲೆ ಕಬ್ಬು ಹಾಕಿದೆವು, ಕಡಿದದ್ದನ್ನು ಗಾಡಿಯಲ್ಲಿ ಮಂಡ್ಯದ ಫ್ಯಾಕ್ಟರಿಗೆ ಹೊಡೆಯುತ್ತಿದ್ದೆ. ನಾಲೆಯ ಹಿಂದೆಯೇ ಸೊಳ್ಳೆಯೂ ಚಳಿಜ್ವರವೂ ಬಂದವು. ೧೯೪೧ರ ಕಟಾವಿನಲ್ಲಿ ನಮ್ಮ ಮೊದಲ ಮಗಳು ನಿಂಗಿ ಆ ಜ್ವರದಲ್ಲಿ ಹೋದಳು. ಎರಡು ವರ್ಷದ ಕೂಸು. ಅಷ್ಟು ಸಣ್ಣ ಮಕ್ಕಳಿಗೆ ನಮ್ಮಲ್ಲಿ ತಿಥಿ ಇಲ್ಲ, ಹೆಸರು ಹಿಡಿದು ಅಳುವುದೂ ಇಲ್ಲ. ಅತ್ತರೆ ಮುಂದೆ ಹುಟ್ಟುವುದಕ್ಕೆ ಕೇಡು ಎನ್ನುತ್ತಾರೆ. ಹೊಂಗೆ ತೋಪಿನಲ್ಲಿ ಮಣ್ಣು ಮಾಡಿ, ನಾಲೆಯಲ್ಲಿ ಮುಳುಗಿ ಮನೆಗೆ ಬಂದೆ. ಮಾರನೆಯ ಬೆಳಿಗ್ಗೆ ಗಾಡಿ ಕಟ್ಟಿದೆ. ಕಡಿದ ಕಬ್ಬು ಯಾರಿಗೂ ಕಾಯುವುದಿಲ್ಲ.

ಮುಂದಿನ ವರ್ಷದ ಕಟಾವು ಶುರುವಾಗುತ್ತಲೇ ನನಗೆ ಮಂಕು ಕವಿಯಿತು. ಎದೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ ಹಾಗೆ. ಮುದ್ದೆ ಗಂಟಲಲ್ಲಿ ಇಳಿಯದು. ಎತ್ತುಗಳ ಮುಂದೆ ಹುಲ್ಲಿಲ್ಲದ್ದು ಕಣ್ಣಿಗೆ ಕಂಡರೂ ಏಳಲು ಮನಸ್ಸಾಗದು. ಹೊಂಗೆ ತೋಪಿನ ತಿರುವಿಗೆ ಬಂದರಂತೂ ಹಗ್ಗ ಹಿಡಿದ ಕೈಯೇ ಸಡಿಲವಾಗುತ್ತಿತ್ತು. ಆ ದಾರಿಯನ್ನೇ ಬಿಟ್ಟು, ಕೆರೆ ಏರಿ ಸುತ್ತಿಕೊಂಡು ಹೋಗತೊಡಗಿದೆ.

ಕಾಯಿಲೆಗಿಂತ ಬುದ್ಧಿ ಹೇಳುವವರ ಕಾಟ ಹೆಚ್ಚಾಯಿತು. ಅವ್ವ ತಾಯಿತ ಕಟ್ಟಿದಳು. ಪಕ್ಕದ ಮನೆಯವರು ದೃಷ್ಟಿ ತೆಗೆದರು. ನನ್ನ ಹೆಂಡತಿಯ ತಮ್ಮ ಬಂದು, "ತಿಂದದ್ದು ಅರಗ್ದೆ ಇಂಗಾಡ್ತೀಯ ಕಣ್ ಬಾವ, ಎಳ್ಡ್ ದಿನ ನಮ್ಮೊಲ್ದಲ್ಲಿ ಗುದ್ಲಿ ಇಡ್ಕೊ, ಸರೋಯ್ತದೆ" ಎಂದ. ಅವನ ಹೊಲದ ಕೆಲಸಕ್ಕೆ ಆಳು ಸಿಕ್ಕಿರಲಿಲ್ಲ, ಅಷ್ಟೆ.

ಮಂಡ್ಯದ ಆಸ್ಪತ್ರೆಗೂ ಹೋದೆ. ಯುದ್ಧದ ಕಾಲ, ಪೆಟ್ರೋಲಿಲ್ಲ, ಇದ್ದಿಲು ಬಸ್ಸು. ದಿಬ್ಬ ಬಂದಲ್ಲೆಲ್ಲ ಕಾಯಿಲೆಯವನೂ ಇಳಿದು ನೂಕಬೇಕು. ಮೈಯೆಲ್ಲ ಮಸಿಯಾಗಿ ನಿಂತವನನ್ನು ಡಾಕ್ಟರು ಕೇಳಿದರು, "ಏನಾಗುತ್ತೆ?"

"ಏನೂ ಆಗಾಕಿಲ್ಲ ಸ್ವಾಮಿ, ಅದೇ ತೊಂದ್ರೆ."

ಮನೆಯಿಂದ ಒಯ್ದಿದ್ದ ಸೀಸೆಗೆ ಕೆಂಪು ಔಷಧಿ ತುಂಬಿ ಕಳಿಸಿದರು. ಮುಗಿಯುವವರೆಗೂ ಕುಡಿದೆ. ನಾಲಗೆ ಕೆಂಪಾಯಿತು.

ಕೊನೆಗೆ ನಮ್ಮೂರ ಕಟ್ಟೆ ಮಾರಮ್ಮನ ಗುಡಿಗೆ ಹೋಗಿ ಹೂ ಕೇಳಿದೆ. ಅಮ್ಮನ ಎರಡೂ ಭುಜಕ್ಕೆ ಪೂಜಾರಿ ಕಣಗಿಲೆ ಹೂ ಮುಡಿಸುತ್ತಾರೆ. ನಾವು ಕೇಳಿದ್ದಕ್ಕೆ ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಮೊದಲ ಶುಕ್ರವಾರ ಕೇಳಿದೆ: ಈ ಮಂಕು ಬಿಡುತ್ತದೆಯೇ? ಹೂ ಕದಲಲಿಲ್ಲ. ಮರುವಾರ: ಗಾಳಿ ಸೋಕಿದೆಯೇ? ಆಗಲೂ ಕದಲಲಿಲ್ಲ. ಮನೆ ಬಾಗಿಲ ದಿಕ್ಕು ಸರಿಯಿಲ್ಲವೇ? ಅದಕ್ಕೂ ಬೀಳಲಿಲ್ಲ. ಅಂಟು ಹಾಕಿ ಮೆತ್ತಿದ ಹಾಗೆ ಕೂತಿದ್ದವು. ಎಡಗಡೆಯದಾದರೂ ಬೀಳಬಾರದೇ? ನನಗೆ ಮೈ ಉರಿಯಿತು.

"ಅಲ್ಲ ಕಣಮ್ಮ," ಎಂದು ಗರ್ಭಗುಡಿಯ ಮುಂದೆಯೇ ಕೂಗಾಡಿದೆ, "ಊರೋರಿಗೆಲ್ಲ ಮದ್ವೆ, ಮಳೆ, ಕಳ್ದೋದ್ ಕುರಿಗೂ ಊ ಕೊಡ್ತೀಯ. ನನ್ಗೊಬ್ನಿಗ್ ಯಾಕ್ ಕೊಡಾಕಿಲ್ಲ?"

ಪೂಜಾರಿ ಸಿದ್ದಪ್ಪ ಹಣ್ಣಾದ ಮುದುಕ. ಗಂಟೆ ಕೆಳಗಿಟ್ಟ. "ಲೇ ಚಿಕ್ಕಣ್ಣ, ಆ ಮಂಕು ಬಂದಾಗ್ಲಿಂದ ಅದ್ಕೆ ಓಗು ಓಗು ಅಂತಿದ್ದೀಯಲ್ಲ, ಬಾಗ್ಲಿಗ್ ಬಂದೋರ್ನ ಯಾತಕ್ ಬಂದ್ರಿ ಅಂತ ಒಂದ್ ಮಾತ್ ಕೇಳ್ದ್ಯೇನ್ಲಾ? ಅಮ್ಮ ಔದು, ಇಲ್ಲ ಅಂತಾಳೆ, ಅಷ್ಟೇಯ. ಯಾತಕ್ ಬಂದದೆ ಅನ್ನೋದ ನೀನೇ ಯೋಳ್ಬೇಕು."

"ಅದ್ ಗೊತ್ತಿದ್ರೆ ನಿನ್ತಾವ್ ಯಾಕ್ ಬತ್ತಿದ್ದೆ?"

ಆಗ ಹಿಂದೆ ನಿಂತಿದ್ದ ನನ್ನ ಹೆಂಡತಿ ಕೆಂಪಮ್ಮ ಬಾಯಿಬಿಟ್ಟಳು. ಕಂಕುಳಲ್ಲಿ ಹೊಸ ಕೂಸಿತ್ತು. "ಎಲ್ಲಿಗ್ ಓದ್ರೆ ಜಾಸ್ತಿ ಆಯ್ತದೆ ಅಂತ ಇವರ್ನ ಕೇಳಿ ಪೂಜಾರಪ್ಪ. ವೊಂಗೆ ತೋಪ್ನತ್ರ. ಅದ್ಕೇಯ ಕೆರೆ ಏರಿ ಸುತ್ಕೊಂಡ್ ಬತ್ತಾರೆ."

"ಸುಮ್ಕಿರು," ಎಂದೆ.

ಅವಳು ಸುಮ್ಮನಿರಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟು ಹೊಸ್ತಿಲ ಮುಂದೆ ಮಂಡಿಯೂರಿದಳು. "ತಾಯಿ, ನಮ್ ನಿಂಗಿನ ನೆನಸ್ಕೊಂಡ್ ನಾವು ಅಳ್ಬೌದಾ? ಅವ್ಳೆಸ್ರು ಮನೇಲಿ ಯೋಳ್ಬೌದಾ? ಔದಾದ್ರೆ ಬಲಗಡೆ ಕೊಡು."

ಬಲಗಡೆಯ ಹೂ ಬಿತ್ತು. ತಡಮಾಡಲೇ ಇಲ್ಲ.

ಅಪ್ಪ ತೀರಿಕೊಂಡಾಗಲೂ ಅಳದ ನಾನು ಕಂಬ ಹಿಡಿದು ಕೂತುಬಿಟ್ಟೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕೈಯಲ್ಲಿದ್ದ ಕೂಸು ಹೆದರಿ ಅಳತೊಡಗಿತು. ಸಿದ್ದಪ್ಪ ಅದನ್ನು ಎತ್ತಿಕೊಂಡು, "ಅಳ್ಳಿ ಬುಡು, ನಿಮ್ಮಪ್ಪನ್ಗೆ ಅಪ್ಪಣೆ ಆಗದೆ," ಎಂದ.

ಗುಡಿಯಿಂದ ನೇರ ತೋಪಿಗೆ ಹೋದೆವು. ಬೆಲ್ಲವೆಂದರೆ ನಿಂಗಿಗೆ ಪ್ರಾಣ. ಗುಡಿಗೆಂದು ತಂದಿದ್ದ ಒಂದು ಅಚ್ಚು ಬೆಲ್ಲವನ್ನು ಮಣ್ಣಿನ ಮೇಲಿಟ್ಟು, ಅವಳು ಗಾಡಿಯ ಮೂಕಿಯ ಮೇಲೆ ಕೂತು ಎತ್ತುಗಳಿಗೆ ನನ್ನ ಹಾಗೆಯೇ ಬೈಯುತ್ತಿದ್ದುದನ್ನು ಇಬ್ಬರೂ ಬಾಯಿತುಂಬ ಮಾತಾಡಿಕೊಂಡೆವು.

ಮಂಕು ಅವತ್ತೇ ಹಾರಿಹೋಯಿತೆಂದರೆ ಸುಳ್ಳಾಗುತ್ತದೆ. ಆ ಕಟಾವು ಮುಗಿಯುವಷ್ಟರಲ್ಲಿ ಮುದ್ದೆ ಇಳಿಯತೊಡಗಿತು, ಎತ್ತುಗಳಿಗೆ ಹೊತ್ತಿಗೆ ಹುಲ್ಲು ಬಿತ್ತು. ಈಗಲೂ ಕಬ್ಬು ಕಡಿಯುವ ಕಾಲಕ್ಕೆ ಅದು ಬರುತ್ತದೆ. ಬಂದಾಗ ತಾಯಿತ ಹುಡುಕುವುದಿಲ್ಲ. ಗಾಡಿ ನಿಲ್ಲಿಸಿ, ತೋಪಿನಲ್ಲಿ ಸ್ವಲ್ಪ ಕೂತು, ಮತ್ತೆ ಹೊರಡುತ್ತೇನೆ. ಅದು ನನ್ನನ್ನು ಕೆಡವಲು ಬಂದ ಶನಿಯಲ್ಲ. ನಾನು ಮಣ್ಣು ಹಾಕಿ ಮುಚ್ಚಿ ಬಂದದ್ದನ್ನು ನೆನಪಿಸಲು ಬರುತ್ತಿತ್ತು. ನಾನು ಕೆರೆ ಏರಿ ಸುತ್ತುತ್ತಿದ್ದೆ. ಅಮ್ಮ ಇದನ್ನು ಮೊದಲ ಶುಕ್ರವಾರವೇ ಹೇಳಬಹುದಿತ್ತು. ಆ ಸಿಟ್ಟು ನನಗೆ ಇನ್ನೂ ಇದೆ. ಆ ಸಿಟ್ಟಿನಲ್ಲೇ ಪ್ರತಿ ಶುಕ್ರವಾರ ಹೋಗಿ ಕೈಮುಗಿಯುತ್ತೇನೆ. ಅವಳನ್ನು ಬಿಟ್ಟು ಇನ್ನು ಯಾರ ಮೇಲೆ ಸಿಟ್ಟಾಗಲಿ.

ಇವತ್ತು, ೧೯೪೬ರಲ್ಲಿ, ನನಗಿರುವುದು ಗದ್ದೆ ಎರಡು ಎಕರೆ, ಎತ್ತು ಒಂದು ಜೊತೆ, ಗಾಡಿ ಒಂದು, ಎಮ್ಮೆ ಒಂದು. ಮಕ್ಕಳು ಮೂರು: ಇಬ್ಬರು ಮನೆಯಲ್ಲಿ, ಒಬ್ಬಳು ಹೊಂಗೆ ತೋಪಿನಲ್ಲಿ.