ನರ್ಸಬಾಯಿ ಎಲೆಕ್ಷನ್ನಿಗೆ ನಿಂತ ಬೇಸಿಗೆ

ಹೋದ ವಾರ ಬೀದರಿನ ನಮ್ಮ ಓಣಿಯೊಳಗೆ ಬರುತ್ತಿದ್ದಾಗ ಮೈದಾ ಹಿಟ್ಟು ಕುದಿಯುವ ವಾಸನೆ ಬಂತು. ಮೂಲೆಮನೆಯವರು ಯಾವುದೋ ಕಾರ್ಯಕ್ರಮದ ಪೋಸ್ಟರ್ ಹಚ್ಚಲು ದೊಡ್ಡ ಬೋಗುಣಿಯಲ್ಲಿ ಅಂಟು ಕಾಸುತ್ತಿದ್ದರು. ಹಸಿಹಸಿಯಾದ, ತಳದಲ್ಲಿ ತುಸು ಹೊತ್ತಿದ ಆ ವಾಸನೆ... ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಎಷ್ಟೋ ವರ್ಷಗಳ ಹಿಂದಿನ ಒಂದು ಅಡಿಗೆಮನೆ ಕಣ್ಣ ಮುಂದೆ ಬಂತು. ನರ್ಸಬಾಯಿಯ ಅಡಿಗೆಮನೆ.

ಆಗ ನಾನು ಔರಾದ, ಭಾಲ್ಕಿಗಳ ನಡುವಿನ ಒಂದು ಊರಿನಲ್ಲಿ ಖಾಸಗಿ ಶಾಲೆಯ ಟೀಚರ್. ಒಂಟಿಯಾಗಿ ಬಾಡಿಗೆ ಮನೆಯಲ್ಲಿದ್ದೆ. ಗೋಡೆಯಾಚೆ ಅವರ ಮನೆ. ಊರಿನ ದವಾಖಾನೆಯಲ್ಲೇ ನರ್ಸಾಗಿದ್ದು ರಿಟೈರ್ ಆಗಿದ್ದರು. ಮದುವೆಯಾಗಿರಲಿಲ್ಲ. ಊರೆಲ್ಲ ಅವರನ್ನು ನರ್ಸಬಾಯಿ ಎನ್ನುತ್ತಿತ್ತು, ನಾನು ಬರೀ ಬಾಯಿ ಎನ್ನುತ್ತಿದ್ದೆ. ಸಂಜೆಯಾದರೆ ಅವರ ಕಟ್ಟೆಯ ಮೇಲೆ ಕೂಡಲು ಜಾಗ ಇರುತ್ತಿರಲಿಲ್ಲ. ಒಬ್ಬರಿಗೆ ಬಿ.ಪಿ. ನೋಡಬೇಕು, ಇನ್ನೊಬ್ಬರ ಕೂಸಿಗೆ ಜ್ವರ, ಮತ್ತೊಬ್ಬಳಿಗೆ ಅತ್ತೆಯ ಮೇಲಿನ ಸಿಟ್ಟು ಹೇಳಿಕೊಳ್ಳಬೇಕು.

ಒಂದು ಮಧ್ಯಾಹ್ನ ತುಂಬು ಬಸುರಿಯೊಬ್ಬಳನ್ನು ದವಾಖಾನೆಗೆ ತಂದರು. ಹಳೆಯ ಡಾಕ್ಟರು ವರ್ಗವಾಗಿ ಹೋದ ಮೇಲೆ ಹೊಸಬರು ಬಂದೇ ಇರಲಿಲ್ಲ. ಬಾಯಿಯನ್ನು ಕರೆಸಿದರು. ನೋಡಿದ ಕೂಡಲೇ, ಇದು ತಮ್ಮ ಕೈಯಲ್ಲಿ ಆಗುವುದಲ್ಲ ಎಂದು ಜೀಪು ತರಿಸಿ ತಾವೂ ಹತ್ತಿದರು. ಭಾಲ್ಕಿ ಮುಟ್ಟುವುದರೊಳಗೆ ಆ ಹೆಣ್ಣುಮಗಳು ಅವರ ತೊಡೆಯ ಮೇಲೆಯೇ ಪ್ರಾಣ ಬಿಟ್ಟಳು. ಕೂಸೂ ಉಳಿಯಲಿಲ್ಲ. ಅವಳು ಹುಟ್ಟಿದಾಗ ಅವಳ ತಾಯಿಯ ಹೆರಿಗೆ ಮಾಡಿಸಿದ್ದೂ ಇದೇ ಬಾಯಿ.

ಆಮೇಲೆ ಬಹಳ ದಿನ ಅವರು ಆ ಮಾತೇ ಎತ್ತಲಿಲ್ಲ. ವಿಧಾನಸಭೆ ಚುನಾವಣೆ ಬಂದಾಗ ಒಂದು ಮುಂಜಾನೆ ಗೋಡೆಯಾಚೆಯಿಂದ ಕೂಗಿದರು: “ತಂಗಿ, ನಾ ನಿಂದರ್ತೇನಿ.”

“ಎಲ್ಲಿ ನಿಂದರ್ತೀರಿ, ಬಾಯಿ?”

“ಎಲೆಕ್ಷನ್ನಿಗೆ. ಎಮ್ಮೆಲ್ಲೆ ಸೀಟಿಗೆ.”

ನಾನು ನಕ್ಕೆ. ಅವರು ನಗಲಿಲ್ಲ.

ಯಾವ ಪಕ್ಷವೂ ಇಲ್ಲದ, ಹಿಂದೆ ಗ್ರಾಮ ಪಂಚಾಯಿತಿಗೂ ನಿಲ್ಲದ ಹೆಂಗಸು. ಗುರುತಾಗಿ ಹೊಲಿಗೆ ಮಷಿನ್ ಸಿಕ್ಕಿತು. “ತೊಟ್ಟಿಲ ಕೇಳಿದೆ, ಇಲ್ಲ ಅಂದ್ರು ನೋಡು” ಎಂದು ಬೇಜಾರು ಮಾಡಿಕೊಂಡರು. ನನಗೆ ಬೇಸಿಗೆ ರಜೆ. ಬೆಳಿಗ್ಗೆ ಎದ್ದು ಇಬ್ಬರೂ ಅಂಟು ಕಾಸುವುದು, ಬಿಸಿಲೇರುವ ಮೊದಲೇ ಪೋಸ್ಟರ್ ಹಚ್ಚುವುದು, ಆಮೇಲೆ ಸಿಕ್ಕ ಬಸ್ಸೋ ಟಂಟಮ್ಮೋ ಹತ್ತಿ ಹಳ್ಳಿಗಳಿಗೆ ಹೋಗುವುದು. ಬೇರೆಯವರ ಗಾಡಿಗಳು ಹಾಡು ಹಾಕಿಕೊಂಡು ಧೂಳೆಬ್ಬಿಸಿ ನಮ್ಮನ್ನು ದಾಟಿ ಹೋಗುತ್ತಿದ್ದವು. ಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಧೂಳು ಇಳಿದ ಮೇಲೆ ಮತ್ತೆ ನಡೆಯುತ್ತಿದ್ದರು.

ಹೋದಲ್ಲೆಲ್ಲ ಮರ್ಯಾದೆಗೆ ಕಡಿಮೆ ಇರಲಿಲ್ಲ. ಚಾಪೆ ಹಾಸುತ್ತಿದ್ದರು, ಚಹಾ ಕೊಡುತ್ತಿದ್ದರು. ಎಕಂಬಾದಲ್ಲಿ ಒಬ್ಬ ಮುದುಕಿ ಅವರ ಎರಡೂ ಕೈ ಹಿಡಿದುಕೊಂಡು ಅಂದಳು: “ನನ್ನ ಸೊಸಿ ಜೀವ ಉಳಿಸಿದಾಕಿ ನೀ. ಸಾಯೋತನ ಮರಿಯಂಗಿಲ್ಲ. ಆದ್ರ ವೋಟು ಗಂಡಸರು ಹೇಳಿದ ಕಡಿನೇ ಹಾಕಬೇಕಲ್ಲ, ಬಾಯಿ.”

“ಹಾಕವ್ವ. ಡಾಕ್ಟರ್ ಯಾವಾಗ ಬರ್ತಾನ ಅಂತ ಆ ಗಂಡಸರಿಗಿ ಒಮ್ಮಿ ಕೇಳು, ಸಾಕು.”



ಅದಕ್ಕೂ ಮೊದಲು, ನಾಮಪತ್ರ ವಾಪಸು ತೆಗೆದುಕೊಳ್ಳುವ ಗಡುವು ಇನ್ನೂ ಇದ್ದಾಗ ಒಂದು ಪಕ್ಷದ ಮುಖಂಡರು ಅವರ ಮನೆಗೆ ಬಂದಿದ್ದರು. ಕುರ್ಚಿಯಲ್ಲಿ ಕೂತು ಬಹಳ ನಯವಾಗಿ ಮಾತಾಡಿದರು. “ಈ ವಯಸ್ಸಿನ್ಯಾಗ ನಿಮಗ ಯಾಕ್ರಿ ಈ ಪರೇಶಾನಿ? ಹೆಸರು ವಾಪಸ್ ತಗೋರಿ. ಮುಂದ ಏನಾರ ಒಂದು ಮಾಡೋಣು.”

“ಇವತ್ತ ದವಾಖಾನಿಗಿ ಡಾಕ್ಟರ್ ಕಳಸ್ರಿ. ನಾಳೆ ವಾಪಸ್ ತಗೋತೇನಿ.”

“ಅದು ಆರಿಸಿ ಬಂದ ಮ್ಯಾಲ ನೋಡೋಣು ಬಿಡ್ರಿ.”

“ಹಂಗಾರ ನಾನೂ ಆರಿಸಿ ಬಂದ ಮ್ಯಾಲೇ ನೋಡ್ತೇನಿ” ಅಂದರು ಬಾಯಿ. ಮುಖಂಡರು ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದರು.

ಕಟ್ಟೆ ಖಾಲಿಯಾಗತೊಡಗಿದ್ದು ಆಗಿನಿಂದಲೇ. ಬಾಯಿಯ ಮನೆಗೆ ಹೋಗುವುದನ್ನು ಯಾರಾದರೂ ನೋಡಿದರೆ ಏನು ತಿಳಿದುಕೊಳ್ಳುತ್ತಾರೋ ಎಂಬ ಅಂಜಿಕೆ ಜನಕ್ಕೆ. ಅವರ ಸ್ವಂತ ತಮ್ಮನೂ ಬೇರೆ ಪಕ್ಷದ ಶಾಲು ಹಾಕಿಕೊಂಡು ಅದೇ ಓಣಿಯಲ್ಲಿ ತಲೆ ತಗ್ಗಿಸಿ ನಡೆದುಹೋದ.

ಎಣಿಕೆಯ ದಿನ ಬೀದರಿಗೆ ಬಂದೆವು. ಬಾಯಿ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟಿದ್ದರು. ಒಳಗೆ ಹೋಗಿ ನಮ್ಮೂರಿನ ಬೂತಿನಲ್ಲಿ ತಮಗೆ ಬಿದ್ದ ವೋಟಿನ ಲೆಕ್ಕ ಕೇಳಿಕೊಂಡು ಹೊರಬಂದು ಬೇವಿನ ಮರದ ಕೆಳಗೆ ನನ್ನ ಪಕ್ಕ ಕೂತರು. ಅಂದರು: “ನಮ್ಮ ಓಣಿಯೊಳಗ ನಾ ಹೆರಿಸಿದ ಮಕ್ಕಳೇ ಅದಕ್ಕಿಂತ ಹೆಚ್ಚದಾವಲ್ಲ, ತಂಗಿ...”

ಅಷ್ಟರಲ್ಲಿ ಗೆದ್ದವರ ಮೆರವಣಿಗೆ ಹೊರಬಂತು. ಬಾಯಿ ಎದ್ದು, ಅವರಿಗೆ ಕೈ ಮುಗಿಯಬೇಕೆಂದು ಮುಂದೆ ಹೋದರು. ಗದ್ದಲದಲ್ಲಿ ಅವರನ್ನು ಯಾರೂ ನೋಡಲಿಲ್ಲ. ಯಾರೋ ತೂರಿದ ಗುಲಾಲು ಬಿಳಿ ಸೀರೆಯ ಮೇಲೆ, ತಲೆಯ ಮೇಲೆ ಬಿತ್ತು. ಹಾಗೇ ಬಸ್ಸು ಹತ್ತಿದೆವು. ಮುಂದಿನ ಸೀಟಿನ ಹೆಂಗಸು ತಿರುಗಿ ಖುಷಿಯಿಂದ ಕೇಳಿದಳು: “ನಿಮ್ಮವರು ಆರಿಸಿ ಬಂದ್ರೇನ್ರಿ?”

ಬಾಯಿ ಒಂದು ಕ್ಷಣ ಅವಳ ಮುಖ ನೋಡಿದರು. “ಹೌದ್ರಿ. ನಮ್ಮವರೇ” ಎಂದರು.

ಸೋತದ್ದನ್ನು ಅವರು ತಡೆದುಕೊಂಡರು. ಆದರೆ ಜನ ತಿರುಗಿ ಬರಲಿಲ್ಲ. ಅವರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ, ವೋಟು ಹಾಕದೆ ಈಗ ಬಿ.ಪಿ. ತೋರಿಸಲು ಯಾವ ಮುಖದಿಂದ ಹೋಗುವುದೆಂಬ ಸಂಕೋಚ. ಬಾಯಿ ಸಂಜೆ ಕಟ್ಟೆ ಗುಡಿಸಿ, ಬಿ.ಪಿ. ಮಷಿನ್ ತಂದಿಟ್ಟುಕೊಂಡು ಕೂಡುತ್ತಿದ್ದರು. “ನಾ ಏನೂ ಅನ್ಕೊಂಡಿಲ್ಲ, ಬರ್ರಿ ಅಂತ ಮನಿ ಮನಿಗಿ ಹೋಗಿ ಹ್ಯಾಂಗ ಹೇಳ್ಲಿ, ತಂಗಿ?” ಎಂದು ಒಮ್ಮೆ ಕೇಳಿದರು. ದಿನಾ ನಾನೇ ಹೋಗಿ ಕೈ ಚಾಚುತ್ತಿದ್ದೆ. ನನ್ನ ಬಿ.ಪಿ. ಸರಿಯಾಗಿಯೇ ಇರುತ್ತಿತ್ತು.

ನಾನು ಮದುವೆಯಾಗಿ ಬೀದರಿಗೆ ಬಂದೆ. ಅವರು ಉದಗೀರದ ತಂಗಿಯ ಮನೆಗೆ ಹೋದರು. ಕೆಲವು ವರ್ಷ ಫೋನು... ಆಮೇಲೆ ಅದೂ ನಿಂತಿತು. ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ಮಣ್ಣಾಗಿ ತಿಂಗಳುಗಳೇ ಕಳೆದಿದ್ದವು.

ಮೊನ್ನೆ ಮನಸ್ಸು ತಡೆಯದೆ ಆ ಊರಿಗೆ ಹೋಗಿಬಂದೆ. ದವಾಖಾನೆಯಲ್ಲೀಗ ಒಬ್ಬರು ಲೇಡಿ ಡಾಕ್ಟರ್ ಇದ್ದಾರೆ. ಹೊರಗೆ ಪಾಳಿಗೆ ಕೂತಿದ್ದ ಹೆಂಗಸನ್ನು ಮಾತಾಡಿಸಿದೆ. “ನರ್ಸಬಾಯಿ ನೆನಪಿಲ್ಲದೇನ್ರಿ? ನನ್ನ ಎರಡೂ ಹೆರಗಿ ಅವರೇ ಮಾಡ್ಯಾರ” ಎಂದಳು.

“ಎಲೆಕ್ಷನ್ನಿಗೆ ನಿಂತಿದ್ದರಲ್ಲ...”

“ಇಲ್ರಿ, ಅವರ್ಯಾಕ ನಿಂದರ್ತಾರ? ಬ್ಯಾರೆ ಯಾರೋ ಇರಬೇಕ್ರಿ.”

ಅಲ್ಲವೆಂದು ವಾದಿಸಲು ಹೋಗಲಿಲ್ಲ. ಆ ಬೇಸಿಗೆಯನ್ನು ಪೂರ್ತಿ ಕಂಡವರು ನಾವಿಬ್ಬರೇ. ಹೌದಲ್ಲವೇ ಬಾಯಿ ಎಂದು ಕೇಳೋಣವೆಂದರೆ, ಈಗ ಅವರೂ ಇಲ್ಲ.